ಬಿಡಿ ಅನ್ನುವವರೆಗೆ

ದಾವಣಗೆರೆ, ಜಿಲ್ಲಾಸ್ಪತ್ರೆ, ಕೋಣೆ ನಂಬರ್ ಹದಿನಾಲ್ಕು.
ಚೀಟಿಯಲ್ಲಿ: ಖೈರುನ್‌ಬಿ, ಐವತ್ತೆರಡು, ಹೆಣ್ಣು,
ಎದೆ, ಹಿಂದಿನಿಂದ ಮುಂದಕ್ಕೆ.
ಕೆಮ್ಮು ಅಂತ ಬರೆದು, ಎಷ್ಟು ದಿನದಿಂದ ಎಂಬಲ್ಲಿ
ಡಾಕ್ಟರ ಪೆನ್ನು ಸುಮ್ಮನೆ ಒಂದು ಗೆರೆ ಎಳೆದಿದೆ.

ಬುರ್ಖಾ ಮೊಳೆಗೆ ನೇತುಹಾಕಿ
ಹಸಿರು ಗೌನಿನ ಲಾಡಿ ನಾನೇ ಕಟ್ಟಿದೆ.
ಒಂದು ಪಿನ್ನು, ಇನ್ನೊಂದು ಪಿನ್ನು, ಕರಿಮಣಿ ಸರ,
ಬೆವರು ಕುಡಿದ ದಾರದ ತುದಿಗೆ ತಾಯಿತ.
"ಇದೂನಾ ತಂಗಿ?"
"ಇದೂ. ಫೋಟೋದಾಗೆ ಬೆಳ್ಳಗೆ ಬೀಳ್ತದೆ."
ಸ್ಟೀಲ್ ಟ್ರೇಯಲ್ಲಿ ಟಣ್ ಎಂದು ಇಟ್ಟು
ಅದನ್ನೇ ನೋಡುತ್ತ ನಿಂತಳು,
ಬಸ್‌ಸ್ಟ್ಯಾಂಡಿನಲ್ಲಿ ಚೀಲವನ್ನು
ಗುರುತಿಲ್ಲದವರ ವಶಕ್ಕೆ ಕೊಟ್ಟವಳ ಹಾಗೆ.

ಜಡೆ ಎತ್ತಿ ನೆತ್ತಿಗೆ ಕಟ್ಟಿದೆ.
ಕೂದಲಲ್ಲಿ ಕಾದ ಮರಳಿನ ವಾಸನೆ, ಹೊಟ್ಟಿನ ಹೊಗೆ.
ಕೇಳಬೇಕಾಗಿರಲಿಲ್ಲ: ಮಂಡಕ್ಕಿ ಭಟ್ಟಿ.

ಗದ್ದ ಮೇಲೆ. ಎದೆ ಹಲಗೆಗೆ ಒತ್ತಿ.
ಅಂಗೈ ಹಿಂಬದಿ ಸೊಂಟಕ್ಕೆ, ಮೊಣಕೈ ಮುಂದಕ್ಕೆ,
ರೆಕ್ಕೆಯೆಲುಬು ಪಕ್ಕಕ್ಕೆ ಸರಿದು ದಾರಿ ಬಿಡಲಿ.
"ಜಗಳಕ್ಕೆ ನಿಂತಂಗೆ ನಿಲ್ಲಬೇಕಾ?"
"ಹೂಂ, ಗೋಡೆ ಜೊತೆ."
ಮೊದಲ ಸಲ ನಕ್ಕಳು. ನಗು ಕೆಮ್ಮಾಯಿತು.
ಕೆಮ್ಮು ಅವಳನ್ನು ಬಗ್ಗಿಸಿತು, ಹಿಂಡಿತು,
ಒಣಹಾಕಲು ಮರೆತ ಬಟ್ಟೆಯ ಹಾಗೆ ಅಲ್ಲೇ ಬಿಟ್ಟಿತು.

ಆರಡಿ ದೂರದಲ್ಲಿ ಕೊಳವೆ. ಬೆನ್ನ ಮೇಲೆ ಬೆಳಕಿನ ಚೌಕ.
ಸೀಸದ ಗಾಜಿನ ಈಚೆ ನಾನು:
"ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ."
ಕೆಮ್ಮು.
ಎರಡನೇ ಸಲ ಭುಜ ಏರಿತು, ಉಸಿರು ಏರಲಿಲ್ಲ.
ಹೊರಗೆ ಯಾರೋ ಬಾಗಿಲು ಬಡಿದರು.

ಹತ್ತಿರ ಹೋಗಿ ಕೇಳಿದೆ:
"ಭಟ್ಟಿ ಮುಂದೆ ಹೊಗೆ ಎದ್ದಾಗ ಏನು ಮಾಡ್ತೀರಿ?"
"ಏನ್ ಮಾಡೋದು? ಅಕ್ಕಿ ಮರಳಿಗೆ ಬಿದ್ದು
ಅರಳಿ ಮೇಲೆ ಬರೋ ತನಕ ದಮ್ಮು ಕಟ್ಟೋದು.
ಕೆಮ್ಮಿದ್ರೆ ಕೈ ತಪ್ತದೆ, ಘಾಣ ಸೀದೋಗ್ತದೆ,
ಮಾಲೀಕ ಕೂಲೀಲಿ ಮುರ್ಕೊಳ್ತಾನೆ."
"ಹಂಗೇ ಕಟ್ಟಿ."

ಕಟ್ಟಿದಳು.
ಅಷ್ಟು ಅಲುಗದ ಎದೆಯನ್ನು
ಹನ್ನೊಂದು ವರ್ಷದಲ್ಲಿ ನಾನು ಕಂಡಿಲ್ಲ.
ಗುಂಡಿ ಒತ್ತಿದೆ. ಯಂತ್ರ ಒಮ್ಮೆ ಲೊಚಗುಟ್ಟಿತು.

ಪರದೆಯ ಮೇಲೆ ಬಂತು:
ಕೊರಳೆಲುಬು ಎರಡೂ ಸಮ, ಓರೆಯಿಲ್ಲ.
ಬೆನ್ನ ಕಡೆಯಿಂದ ಪಕ್ಕೆಲುಬು ಎಣಿಸಿದೆ.
ಎಂಟು, ಒಂಬತ್ತು, ಹತ್ತು. ಹತ್ತು ಸಾಕು ನಮಗೆ.
ಹನ್ನೊಂದೂ ಇತ್ತು, ಹನ್ನೆರಡರ ಅಂಚೂ.
ನಡುವೆ ಹೃದಯ, ಸಣಕಲು,
ಬಳ್ಳಿಯಲ್ಲಿ ಮರೆತ ಹೀರೆಕಾಯಿ.
ಬಲಗಡೆ, ಮೇಲೆ, ಯಾರೋ ಬೂದಿ ಊದಿದ ಹಾಗೆ
ಅಲ್ಲಿಗೆ ನಿಲ್ಲಿಸಬೇಕು.
ತೆಗೆಯುವುದು ನನ್ನ ಕೆಲಸ, ಓದುವುದಲ್ಲ.
ಕಣ್ಣಿಗೆ ಆ ಆದೇಶದ ಪ್ರತಿ ಯಾರೂ ಕಳಿಸಿಲ್ಲ.

ಎಷ್ಟು ಹೊತ್ತು ನೋಡಿದೆನೋ.
ತಲೆ ಎತ್ತಿದರೆ ಗಾಜಿನಾಚೆ ಅವಳು ಹಾಗೇ ಇದ್ದಳು,
ಬೆನ್ನಿನ ಚೌಕ ಆರಿಹೋಗಿತ್ತು,
ಕಿವಿಯ ಅಂಚು ನೀಲಿಗಟ್ಟಿತ್ತು,
ಮೊಣಕೈ ಮುಂದೆ, ಗದ್ದ ಮೇಲೆ.
ಬಿಡಿ ಅಂತ ನಾನು ಹೇಳಿರಲಿಲ್ಲ.

"ಬಿಡೀ! ಉಸಿರು ಬಿಡೀ!"

ತಾಯಿತ ಕಟ್ಟಿಕೊಳ್ಳುತ್ತ ಕೇಳಿದಳು,
"ಹೆಂಗ್ ಬಂತು?"
"ಚೆನ್ನಾಗಿ ಬಂತು. ಒಂಚೂರೂ ಅಲುಗಾಡಿಲ್ಲ."
"ನೋಡು ಮತ್ತೆ," ಅಂದಳು,
ಶಾಲೆಗೆ ಹೋಗದವಳು ಪಾಸಾದ ದನಿಯಲ್ಲಿ.
ಜಡೆಯನ್ನು ಬುರ್ಖಾದೊಳಗೆ ತುರುಕಿ
ವರದಿಯ ಕೌಂಟರು ಎಡಕ್ಕೋ ಬಲಕ್ಕೋ ಕೇಳಿ ಹೋದಳು.

ಟ್ರೇಯಲ್ಲಿ ಒಂದು ಪಿನ್ನು ಉಳಿದಿತ್ತು.
ಬಾಗಿಲಿಗೆ ಬಂದು ನೋಡಿದೆ, ಕಾರಿಡಾರಿನ ತುಂಬ ಕೆಮ್ಮು,
ಅವಳದ್ದು ಯಾವುದೋ ಗೊತ್ತಾಗಲಿಲ್ಲ.
ಪಿನ್ನು ನನ್ನ ಕೋಟಿಗೆ ಚುಚ್ಚಿಕೊಂಡು
ಮುಂದಿನವರು, ಅಂದೆ.