ಮೇಲಕ್ಕೆ ತೋಡಿದ ಬಾವಿ

ರೋಲಾದಲ್ಲಿ ಆಲದ ಮರವಿಲ್ಲ.
ಒಣಗಿಹೋಗಿ ಸುಮಾರು ನನ್ನ ವಯಸ್ಸಿನಷ್ಟಾಯಿತಂತೆ.
ಹೆಸರು ಮಾತ್ರ ಬಿಳಲು ಬಿಟ್ಟುಕೊಂಡು ನಿಂತಿದೆ,
ಅಜ್ಮಾನಿನ ವ್ಯಾನಿನವರು ಅದನ್ನೇ ಕೂಗಿ ಕೂಗಿ
ಜನ ತುಂಬಿಕೊಳ್ಳುತ್ತಾರೆ.

ಆ ಹೆಸರಿನ ಹಿಂದಿನ ಗಲ್ಲಿ, ಕೆಫೆಟೇರಿಯಾದ ಪಕ್ಕ,
ಔಕಾಫಿನ ಹದಿನೇಳು ಮಾಳಿಗೆ.
ಮನೆ ನಂಬರು ಕೇಳಬೇಡಿ,
ಇಲ್ಲಿ ಯಾರ ಕಾಗದವೂ ಮನೆಬಾಗಿಲಿಗೆ ಬಂದದ್ದಿಲ್ಲ.

ನಾನು ಲಿಫ್ಟಿನವನು. ಗಂಗೊಳ್ಳಿಯ ಖಾರ್ವಿ,
ಬಲೆಯ ಹಗ್ಗ ಬಿಟ್ಟು ಉಕ್ಕಿನ ಹಗ್ಗ ಹಿಡಿದವನು.
ಎರಡನೇ ಮಾಳಿಗೆಯ ಪಾರ್ಟಿಶನ್ನಿನಲ್ಲಿ
ಒಂದು ಮಂಚದಗಲ ನನ್ನ ಪಾಲು.
ಲಿಫ್ಟಿನ ಬಾವಿ ಮಾತ್ರ ಇಡಿಯಾಗಿ ನನ್ನದು:
ಮೇಲಕ್ಕೆ ತೋಡಿದ ಬಾವಿ,
ನೀರಿಲ್ಲ, ಜನರನ್ನು ಸೇದುತ್ತೇನೆ.

ಡಬ್ಬಿಯ ನೆತ್ತಿಯ ಮೇಲೆ ಕೂತು ನಿಧಾನ ಏರುವಾಗ
ಕತ್ತಲಲ್ಲೂ ಗೊತ್ತಾಗುತ್ತದೆ, ಇದು ನಾಲ್ಕು, ಒಣಮೀನು;
ಇದು ಏಳು, ಬುಖೂರಿನ ಹೊಗೆ;
ಹತ್ತರಲ್ಲಿ ಹಸುಗೂಸು, ಹೊಟ್ಟೆನೋವಿರಬೇಕು.
ಒಂಬತ್ತರ ಗುಂಡಿಯಲ್ಲಿ ಅಂಕಿಯೇ ಸವೆದಿದೆ.
ಹೊಸದು ಹಾಕುತ್ತೇನೆಂದರೆ ಉಮ್ ನಿದಾಲ್ ಅಡ್ಡ ನಿಂತಳು:
‘ನನ್ನ ಮಕ್ಕಳು ಒತ್ತಿ ಒತ್ತಿ ಸವೆಸಿದ್ದು, ಇರಲಿ.’
ಅವಳಿಗೊಂದು ಊರಿದೆ. ಹೋಗಲು ದಾರಿಯಿಲ್ಲ.

ಆಗಸ್ಟಿನಲ್ಲಿ ತಣ್ಣೀರಿನ ನಲ್ಲಿಯಲ್ಲಿ ಸುಡುನೀರು,
ಗೀಸರು ಆರಿಸಿಟ್ಟು ಅದರ ಹೊಟ್ಟೆಯದನ್ನೇ ತಂಪೆಂದು ಮೀಯುತ್ತೇವೆ.
‘ಎಲ್ಲ ತಲೆಕೆಳಗು’ ಎಂದು ನಗುತ್ತಾರೆ ಹದಿನಾಲ್ಕರ ಉಸ್ತಾದ್ ಸಿದ್ದೀಗ್,
ಖಾರ್ತೂಮಿನ ಗಣಿತದ ಮೇಷ್ಟ್ರು.
ನನ್ನನ್ನು ಮುಹಂದಿಸ್ ಎನ್ನುತ್ತಾರೆ, ಎಂಜಿನಿಯರ್ ಅಂತ.
ಎಂಟನೇ ಕ್ಲಾಸು ಫೇಲು ನಾನು. ತಿದ್ದಲಿಲ್ಲ.

ತಿಂಗಳಿಗೊಮ್ಮೆ ಬಾವಿಯ ತಳ ಗುಡಿಸಬೇಕು.
ಬಾಗಿಲ ಸಂದಿಯಲ್ಲಿ ಜಾರಿದ್ದೆಲ್ಲ ಅಲ್ಲಿ:
ಐವತ್ತು ಫಿಲ್ಸ್, ಸಿಮ್ಮು, ಜಪಮಣಿ,
ಟಿಶ್ಯೂವಿನಲ್ಲಿ ಸುತ್ತಿದ ಒಂದು ಹಾಲುಹಲ್ಲು,
ಬೀಗದ ಕೈಗಳು.
ಮನೆ ಮನೆ ಕೇಳಿ ಕೊಟ್ಟು ಉಳಿದದ್ದು ಬಿಸ್ಕತ್ತಿನ ಡಬ್ಬಕ್ಕೆ.
ಹನ್ನೊಂದು ಕೀಲಿಗಳಿವೆ ಈಗ,
ಯಾವ ಬಾಗಿಲೂ ಗುರುತು ಹಿಡಿಯುವುದಿಲ್ಲ.
ವೀಸಾ ಮುಗಿದವರು ಇಳಿದುಹೋದ ಮರುದಿನವೇ
ನಾತೂರ್ ಬೀಗ ಬದಲಿಸುತ್ತಾನೆ.

ಕಳೆದ ರಂಜಾನಿನಲ್ಲಿ, ಮಗ್ರಿಬಿನ ಬಾಂಗಿನ ಹೊತ್ತಿಗೆ ಸರಿಯಾಗಿ,
ಕರೆಂಟು ಹೋಯಿತು.
ಹನ್ನೆರಡು, ಹದಿಮೂರರ ನಡುವೆ ಮೇಷ್ಟ್ರು ಸಿಕ್ಕಿಕೊಂಡರು.
ಟಾರ್ಚಿಗೆ ಜೀವವಿಲ್ಲ. ಮೆಟ್ಟಿಲು ಹಿಡಿದೆ.
ಮಾಳಿಗೆ ಮಾಳಿಗೆಗೂ ಬಾಗಿಲು ತೆರೆದಿದ್ದವು,
ಇಷ್ಟು ವರ್ಷ ಬರೀ ವಾಸನೆಯಾಗಿದ್ದವರಿಗೆಲ್ಲ
ಮೊಬೈಲು ಬೆಳಕಿನಲ್ಲಿ ಮುಖ ಬಂದಿತ್ತು.
ಒಂಬತ್ತರಲ್ಲಿ ಕತ್ತಲು ಕೇಳಿತು: ‘ಮೀನ್?’
ಯಾರದು.
ಕಂಪನಿಯ ಹೆಸರು ಹೇಳಬೇಕಿತ್ತು.
‘ನಾನೇ, ಇಲ್ಲಿಯವನೇ’ ಎಂದುಬಿಟ್ಟೆ,
ಅದೂ ಕುಂದಾಪುರದ ರಾಗದಲ್ಲಿ.
ಏನು ತಿಳಿಯಿತೋ, ಉಮ್ ನಿದಾಲ್
ಒಂದು ಖರ್ಜೂರ ನನ್ನ ಬಾಯಿಗೇ ಇಟ್ಟಳು,
ಕೈಯೆಲ್ಲ ಗ್ರೀಸಿತ್ತಲ್ಲ.

ತಾರಸಿಯ ಕೋಣೆಯಲ್ಲಿ ಬ್ರೇಕು ಸಡಿಲಿಸಿ
ಕೈಯಿಂದಲೇ ಚಕ್ರ ತಿರುಗಿಸಿದೆ.
ಕೆಳಗಿಂದ ಮೇಷ್ಟ್ರು ಸುತ್ತು ಎಣಿಸುತ್ತಿದ್ದರು, ಅರಬಿಯಲ್ಲಿ,
ತಪ್ಪಿಲ್ಲದೆ.
ನಲವತ್ತಕ್ಕೋ ಏನೋ ನಗು ಬಂದು
ಬಾಯಲ್ಲಿದ್ದ ಬೀಜ
ಹಗ್ಗದ ತೂತಿನಿಂದ ಬಾವಿಗೆ ಬಿತ್ತು.

ಸದ್ದು ಕೇಳಿಸಲಿಲ್ಲ.
ಮುಂದಿನ ತಿಂಗಳು ಗುಡಿಸುವಾಗ ನೋಡಬೇಕು.