ದುಭಾಷಿಯ ಟಿಪ್ಪಣಿ

ಫ್ರೀಟೌನಿನ ಆ ನ್ಯಾಯಾಲಯದಲ್ಲಿ ನನ್ನದೊಂದು ಗಾಜಿನ ಗೂಡು.
ಕಿವಿಗೆ ಕೋನೋ ಬಿದ್ದರೆ ಬಾಯಲ್ಲಿ ಇಂಗ್ಲಿಷ್.
'ಅವಳು ಹೇಳಿದಳು' ಎನ್ನುವಂತಿಲ್ಲ,
'ನಾನು' ಎನ್ನಬೇಕು.
ನಾನು ಹೊಳೆಯ ಕಡೆ ಓಡಿದೆ.
ನಾನಾಗ ತುಂಬು ಬಸುರಿ.
ಹೇಳುವಾಗ ಗಾಜಿನಲ್ಲಿ ನನ್ನ ಗಡ್ಡ ನನಗೇ ಕಾಣುತ್ತಿತ್ತು.

ಪರದೆಯ ಆಚೆ ಆಕೆ. ಹೆಸರಿನ ಜಾಗದಲ್ಲಿ ನಂಬರು,
ದನಿಗೂ ಯಂತ್ರದ ಮುಸುಕು.
ನನ್ನ ಕಿವಿಗೆ ಮಾತ್ರ ಅಸಲು ದನಿ,
ಮಧ್ಯೆ ಮಧ್ಯೆ ಧೂಳುಗಾಳಿಯ ಕೆಮ್ಮು.

ಯಾವ ತಾರೀಖು? ವಕೀಲ ಕೇಳಿದ.
ಗುಡ್ಡಕ್ಕೆ ಬೆಂಕಿ ಕೊಟ್ಟ ಮೇಲೆ, ಭತ್ತ ಎರಚುವ ಮೊದಲು.
ಫೆಬ್ರವರಿಯೋ, ಏಪ್ರಿಲ್ಲೋ?
ಬೂದಿ ಇನ್ನೂ ಬಿಸಿಯಿತ್ತು ಎಂದೆ.
ಎಂದಳು.

ಅಂಗಿಯ ಬಣ್ಣ?
ಕೆಂಪು.
ಅವನು ಹಾಳೆ ತಿರುವಿದ, ಅವಸರವಿಲ್ಲದೆ:
ನಾಲ್ಕು ವರ್ಷದ ಹಿಂದೆ ತನಿಖೆಯವರಿಗೆ ಕಂದು ಎಂದಿದ್ದಿರಿ.

ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಪದ.
ಹಣ್ಣು ಮೆಣಸಿಗೂ ಅದೇ, ರಸ್ತೆಯ ಮಣ್ಣಿಗೂ ಅದೇ,
ತಾಳೆ ಎಣ್ಣೆಗೂ.
ಎರಡು ಸಲವೂ ಅವಳು ಅದನ್ನೇ ಅಂದದ್ದು.
ಕಂದು ಅಂದವನು ಯಾವನೋ ಇನ್ನೊಬ್ಬ ದುಭಾಷಿ,
ಕೆಂಪು ಅಂದವನು ನಾನು.

ಗುಂಡಿ ಒತ್ತಿ, 'ದುಭಾಷಿಯ ಟಿಪ್ಪಣಿ' ಎಂದು ಶುರುಮಾಡಬಹುದಿತ್ತು.
ನಿಯಮದಲ್ಲಿ ಅವಕಾಶವಿದೆ. ಬೆರಳು ಗುಂಡಿಯ ಮೇಲೇ ಇತ್ತು.
ಅಷ್ಟರಲ್ಲಿ ಮುಂದಿನ ಪ್ರಶ್ನೆ ಬಂತು.

ಮಕ್ಕಳೆಷ್ಟು?
ಸಿಯಾ, ಕುಂಬಾ, ಫಿಂಡಾ.
ನ್ಯಾಯಾಧೀಶರು ಹೆಸರುಗಳೆಂದು ಬರೆದುಕೊಂಡರು.
ನಮ್ಮಲ್ಲದು ಎಣಿಕೆ:
ಮೊದಲ ಹೆಣ್ಣು ಸಿಯಾ, ಎರಡನೆಯದು ಕುಂಬಾ,
ಫಿಂಡಾ ಅಂದರೆ ಮೂರನೆಯವಳು.
ಈಗ ಇರುವವರು?
ಫಿಂಡಾ.
ಒಬ್ಬಳೇ ಉಳಿದರೂ ಮೂರನೆಯವಳೇ.
ಊಟಕ್ಕೆ ಕೂಗಿದಾಗಲೆಲ್ಲ
ಮುಂದೆ ಇಬ್ಬರು ಎದ್ದು ಬರಬೇಕು.

ಇದಕ್ಕೂ ಟಿಪ್ಪಣಿ ಕೊಡಲಿಲ್ಲ ನಾನು.
ಕಡತದಲ್ಲಿ ಒಂದು ಸಾಲು: ಬಣ್ಣದ ಬಗ್ಗೆ ಸಾಕ್ಷಿಯ ನೆನಪು ಅಸ್ಪಷ್ಟ.

ಆ ಹಳ್ಳಿಗೆ ನಾನು ಕಾಲಿಟ್ಟವನೇ ಅಲ್ಲ.
ಯುದ್ಧದಷ್ಟು ದಿನವೂ ಗಡಿಯಾಚೆ, ಕೊನಾಕ್ರಿಯಲ್ಲಿ
ಹಳೆ ಟೈರು ಮಾರಿಕೊಂಡಿದ್ದೆ.
ಆದರೂ ಕೆಲವು ರಾತ್ರಿ ಅಂಗಾಲು ಚುರುಗುಟ್ಟುತ್ತದೆ,
ಬೂದಿ.
ಹೊಳೆಯ ದಂಡೆಯಲ್ಲಿ ಒಂದು ಅಂಗಿ ನನ್ನತ್ತ ತಿರುಗುತ್ತದೆ.
ಹೆಂಡತಿ ದೀಪ ಹಾಕಿ, ಏನು ಕಂಡೆ ಅನ್ನುತ್ತಾಳೆ.
ಆ ಒಂದು ಪದ ಹೇಳುತ್ತೇನೆ, ನಮ್ಮ ಮಾತಿನಲ್ಲೇ.
ಅವಳೂ ಕೋನೋದವಳು.
ಯಾವುದು, ಎಂದು ಕೇಳುವುದಿಲ್ಲ.