ಸೊನ್ನೆಯಿಂದ ಹತ್ತು

ಹೊಟ್ಟೆ ಕೊಯ್ದು ಆರು ತಾಸು.
ಸೊನ್ನೆಯೆಂದರೆ ನೋವೇ ಇಲ್ಲ,
ಹತ್ತೆಂದರೆ ತಾಳಲಾರದ್ದು.
ಈಗೆಷ್ಟು, ಖಾತೂನ್‌ಬಿ?

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ
ಮರಳಿನ ಕಾವನ್ನು ಸದ್ದಿನಲ್ಲೇ ಅಳೆದವಳು
ಕಣ್ಣು ಮುಚ್ಚಿ ಒಳಗೆ ಕಿವಿಗೊಟ್ಟಳು.
"ಅಕ್ಕಿ ಸುರಿಯೋ ಹದ ಇನ್ನೂ ಬಂದಿಲ್ಲವ್ವ.
ಕೈ ಮಾತ್ರ ಇಡಾಕಾಗಲ್ಲ."

ಆರೆಂದು ಬರೆದೆ. ಹೊಡೆದುಹಾಕಿ, ಏಳು.
ಲಕೋಟೆ ಹರಿದು ಕೊಟ್ಟ ಸಿರಿಂಜಿನಲ್ಲಿ
ಹೊಸ ಮದ್ದೋ ಹಳೆಯದೋ
ನನಗೂ ಗೊತ್ತಿಲ್ಲ. ಗೊತ್ತಿರಬಾರದು;
ನೇಮ ಹಾಗಿದೆ.

ರಾತ್ರಿ ಎರಡು.
ಪಕ್ಕದ ಮಂಚದ ಹುಡುಗಿಗೆ
ಕೆಮ್ಮುವಾಗ ಹೊಲಿಗೆಯ ಮೇಲೆ
ದಿಂಬು ಒತ್ತಿಹಿಡಿಯುವುದನ್ನು ಕಲಿಸುತ್ತಿದ್ದಾಳೆ,
ತಾನೇ ತುಟಿ ಕಚ್ಚಿಕೊಂಡು.

ನಾನು ಬಾಯಿ ತೆರೆಯುವ ಮುಂಚೆ:
"ನಾಕು ಅಂತ ಬರ್ಕಾ.
ಪಾಪ, ನಿಂತೂ ನಿಂತೂ
ಕಾಲು ಬಾತಾವೆ ನಿಂಗೆ."